ಉಸಿರಿನ ಲೆಕ್ಕ, ಬೆವರಿನ ಲೆಕ್ಕ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಒಂದು ದಿನದ ಕಬಡ್ಡಿ ಪಂದ್ಯಾವಳಿ ಏರ್ಪಟ್ಟಿದೆ ಎಂದಿಟ್ಟುಕೊಳ್ಳೋಣ. ಹುಮನಾಬಾದ್ ರಸ್ತೆಯ ಕಮಲಾಪುರದಿಂದ ಹುಡುಗರ ತಂಡವೊಂದು ಬೆಳಗಿನ ಬಸ್ಸಿಗೇ ಬಂದಿಳಿದಿದೆ. ಒಟ್ಟು ಹದಿನಾರು ತಂಡಗಳು. ಸೋತವರು ಊರಿಗೆ, ಗೆದ್ದವರು ಮುಂದಿನ ಸುತ್ತಿಗೆ. ಫೈನಲ್ ಮುಟ್ಟಲು ಮೂರು ಪಂದ್ಯ ಗೆಲ್ಲಬೇಕು. ಕಪ್ಪು ಕೈಸೇರಬೇಕಾದರೆ ನಾಲ್ಕನೆಯದನ್ನೂ ಗೆಲ್ಲಬೇಕು. ಸಂಜೆ ಅಂಕಪಟ್ಟಿ ತೆರೆದು ನೋಡಿದರೆ ಯಾವ ತಂಡಕ್ಕೆ ಎಷ್ಟು ಅಂಕ, ಯಾವ ರೈಡರ್ ಎಷ್ಟು ಜನರನ್ನು ಔಟ್ ಮಾಡಿದ ಎಂಬುದೆಲ್ಲ ಅಚ್ಚುಕಟ್ಟಾಗಿ ಸಿಗುತ್ತದೆ. ಆದರೆ ಆ ಅಂಕಗಳಿಗಾಗಿ ಹುಡುಗನ ಮೈ ಎಷ್ಟು ಖರ್ಚಾಯಿತು? ಅವನ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು? ಎಷ್ಟು ನೀರು ಬೆವರಾಗಿ ಹೋಯಿತು? ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಪಂದ್ಯ ನಡೆಯುತ್ತಿರುವಾಗಲೇ ಆಟಗಾರನ ದೈಹಿಕ ಶ್ರಮವನ್ನು ಅಳೆಯುವುದು ಇಂದು ಜಗತ್ತಿನ ದೊಡ್ಡ ತಂಡಗಳಿಗೆಲ್ಲ ನಿತ್ಯದ ಕೆಲಸ. ಫುಟ್‌ಬಾಲ್ ಆಟಗಾರ ಗೋಲು ಹೊಡೆದ ಸಂಭ್ರಮದಲ್ಲಿ ಅಂಗಿ ಕಳಚಿದಾಗ ಒಳಗೆ ಕಾಣುವ ಕಪ್ಪು ಬನಿಯನ್ನನ್ನು ಟಿ.ವಿ.ಯಲ್ಲಿ ಅನೇಕರು ನೋಡಿರಬಹುದು. ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ, ಅದಕ್ಕೊಂದು ಪುಟ್ಟ ಜೇಬು. ಅದರೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರ. ಆಟಗಾರ ಎಷ್ಟು ಓಡಿದ, ಎಷ್ಟು ವೇಗದಲ್ಲಿ ಓಡಿದ, ಎಷ್ಟು ಬಾರಿ ಥಟ್ಟನೆ ನಿಂತ, ತಿರುಗಿದ ಎಂಬುದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ಈ ಬನಿಯನ್ ಹುಟ್ಟಿದ್ದು ಇತ್ತೀಚೆಗೆ. ಅದರ ಹಿಂದಿನ ಪ್ರಶ್ನೆ ಮಾತ್ರ ಬಹಳ ಹಳೆಯದು.

ದಮ್ಮೇ ಗಡಿಯಾರ

ನಮ್ಮ ನೆಲದ ಆಟಗಳನ್ನು ಗಮನಿಸಿದರೆ, ಆಟಗಾರನ ಶ್ರಮವನ್ನು ಅಳೆಯುವ ಉಪಾಯ ಆಟದ ನಿಯಮದೊಳಗೇ ಅಡಗಿದ್ದುದು ಕಾಣುತ್ತದೆ. ಕಬಡ್ಡಿಯಲ್ಲಿ ದಾಳಿಗೆ ಹೋದವನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಂದೇ ಉಸಿರಿನಲ್ಲಿ ಎದುರಾಳಿಯ ಅಂಗಳದಲ್ಲಿದ್ದು ಮರಳಬೇಕು. ದಮ್ಮು ಮುರಿದರೆ ಔಟ್. ಮಹಾರಾಷ್ಟ್ರದ ಹುತುತು, ತಮಿಳುನಾಡಿನ ಸಡುಗುಡು ಆಟಗಳಲ್ಲೂ ಇದೇ ಕಟ್ಟಳೆ. ಕೈಗಡಿಯಾರವಿಲ್ಲದ ಕಾಲದಲ್ಲಿ ದಾಳಿಯ ಅವಧಿಯನ್ನು ತೀರ್ಮಾನಿಸುತ್ತಿದ್ದುದು ಆಟಗಾರನ ಪುಪ್ಪುಸವೇ. ದಣಿದವನ ಉಸಿರು ಬೇಗ ಮುಗಿಯುತ್ತದೆ, ಅವನ ದಾಳಿಯೂ ಬೇಗ ಮುಗಿಯುತ್ತದೆ. ಅಂಪೈರ್ ಕಿವಿಗೊಟ್ಟು ಕೇಳುತ್ತಿದ್ದುದು ಬರಿಯ ಪದವನ್ನಲ್ಲ. ಒಂದು ರೀತಿಯಲ್ಲಿ ಅವನು ಆಟಗಾರನ ದೇಹಸ್ಥಿತಿಯನ್ನೇ ಅಳೆಯುತ್ತಿದ್ದ. ಈಗ ಒಂದು ದಾಳಿಗೆ 30 ಸೆಕೆಂಡಿನ ಗಡುವಿದೆ. ಲೆಕ್ಕ ಉಸಿರಿನಿಂದ ಗಡಿಯಾರಕ್ಕೆ ದಾಟಿದೆ.

ಖೊ-ಖೊ ಆಟದ ಅಂಕಪಟ್ಟಿ ಇನ್ನೂ ಕುತೂಹಲಕರ. ಅಲ್ಲಿ ಓಡುವವನು ಎಷ್ಟು ಹೊತ್ತು ಕೈಗೆ ಸಿಗದೆ ಉಳಿದ ಎಂಬುದನ್ನು ನಿಮಿಷ, ಸೆಕೆಂಡುಗಳಲ್ಲಿ ಬರೆಯುತ್ತಾರೆ. ಪತ್ರಿಕೆಗಳಲ್ಲಿ ಆಟಗಾರನ ಹೆಸರಿನ ಮುಂದೆ ‘2.10 ನಿ.’ ಎಂದು ಬರುವುದು ಅದೇ. ಆಟಗಾರ ಪಂದ್ಯದಲ್ಲಿ ಪಟ್ಟ ಶ್ರಮದ ಸಮಯವನ್ನು ಹೆಸರು ಹೆಸರಾಗಿ ದಾಖಲಿಸುವ ಇಂಥ ಪದ್ಧತಿ ಬೇರೆ ಆಟಗಳಲ್ಲಿ ಅಪರೂಪ.

ಕ್ರಿಕೆಟ್‌ನ ಸ್ಕೋರ್‌ಬುಕ್ಕೂ ಅರ್ಧ ಲೆಕ್ಕ ಇಡುತ್ತದೆ. 1999ರ ಫೆಬ್ರುವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದ ಅನಿಲ್ ಕುಂಬ್ಳೆ ಆ ಇನಿಂಗ್ಸ್‌ನಲ್ಲಿ ಎಸೆದದ್ದು 26.3 ಓವರ್, ಅಂದರೆ 159 ಎಸೆತ. ಇಷ್ಟು ನಿಖರವಾಗಿ ಅವರ ಭುಜದ ದುಡಿಮೆ ದಾಖಲಾಗಿದೆ. ಆದರೆ ಅದೇ ದಿನ ಚೆಂಡಿನ ಹಿಂದೆ ಓಡಿದ ಫೀಲ್ಡರುಗಳ ದುಡಿಮೆ ಎಲ್ಲಿಯೂ ಬರೆದಿಲ್ಲ. ಕಾಣುವ ಶ್ರಮ ಪುಸ್ತಕಕ್ಕೆ ಸೇರಿತು, ಕಾಣದ ಶ್ರಮ ಬೆವರಿನೊಡನೆ ಆರಿಹೋಯಿತು.

ಚಕ್ರ, ಧ್ವನಿಮುದ್ರಕ

ಆ ಕಾಣದ ಶ್ರಮವನ್ನು ಹಿಡಿಯುವ ಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಬಾಸ್ಕೆಟ್‌ಬಾಲ್ ಅಂಗಳದ ಪಕ್ಕದಲ್ಲಿ. ಲಾಯ್ಡ್ ಮೆಸ್ಸರ್‌ಸ್ಮಿತ್ ಎಂಬ ಶಿಕ್ಷಕ ತನ್ನ ಸಹೋದ್ಯೋಗಿ ಕೋರಿಯೊಡನೆ ಸೇರಿ 1931ರಲ್ಲಿ ಒಂದು ಉಪಕರಣದ ವಿವರ ಪ್ರಕಟಿಸಿದರು. ಅಂಗಳದ್ದೇ ಪುಟ್ಟ ನಕ್ಷೆಯೊಂದು ಮೇಜಿನ ಮೇಲೆ. ಅದರ ಮೇಲೆ ಉರುಳುವ ಸಣ್ಣ ಚಕ್ರ. ಒಬ್ಬನೇ ಆಟಗಾರನ ಮೇಲೆ ಕಣ್ಣಿಟ್ಟು, ಅವನು ಹೋದತ್ತ ಚಕ್ರವನ್ನು ನಕ್ಷೆಯ ಮೇಲೆ ಉರುಳಿಸಬೇಕು. ಚಕ್ರ ಸುತ್ತಿದಂತೆ ವಿದ್ಯುತ್ ಸಂಕೇತಗಳು ಎಣಿಕೆಯಾಗುತ್ತವೆ. ಕೊನೆಗೆ ನಕ್ಷೆಯ ಅಳತೆಯಿಂದ ನಿಜವಾದ ದೂರವನ್ನು ಗುಣಿಸಿ ತೆಗೆಯುವುದು. ಸರ್ವೆ ಇಲಾಖೆಯವರು ನಕ್ಷೆಯಿಂದ ಹೊಲದ ಅಳತೆ ತೆಗೆಯುವ ಜಾಣ್ಮೆಯಂಥದೇ ಇದೂ.

ಅದೇ ಕಾಲದಲ್ಲಿ, 1927ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ದಣಿವಿನ ಅಧ್ಯಯನಕ್ಕೆಂದೇ ಒಂದು ಪ್ರಯೋಗಾಲಯ ಆರಂಭವಾಗಿತ್ತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಲ್ಲಿಂದ ಬಂದದ್ದೇ ‘ಹಾರ್ವರ್ಡ್ ಸ್ಟೆಪ್ ಟೆಸ್ಟ್’. 20 ಅಂಗುಲ ಎತ್ತರದ ಬೆಂಚನ್ನು ನಿಮಿಷಕ್ಕೆ 30 ಬಾರಿಯಂತೆ ಐದು ನಿಮಿಷ ಹತ್ತಿ ಇಳಿದು, ಬಳಿಕ ನಾಡಿ ಎಷ್ಟು ಬೇಗ ಶಾಂತವಾಗುತ್ತದೆ ಎಂದು ನೋಡುವ ಪರೀಕ್ಷೆ ಇದು. ನಮ್ಮ ದೈಹಿಕ ಶಿಕ್ಷಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಚಿರಪರಿಚಿತ. ಆದರೆ ಇದು ಪಂದ್ಯದ ಹೊರಗಿನ ಪರೀಕ್ಷೆ. ಬೆಂಚು ಹತ್ತುವಾಗ ಎದುರಾಳಿ ಇರುವುದಿಲ್ಲ, ಸೋಲಿನ ಭಯ ಇರುವುದಿಲ್ಲ, ಸುತ್ತ ಕೂಗುವ ಜನ ಇರುವುದಿಲ್ಲ.

ಪಂದ್ಯದ ಒಳಗಿನ ಲೆಕ್ಕಕ್ಕೆ ದೊಡ್ಡ ತಿರುವು ಕೊಟ್ಟದ್ದು 1976ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನ. ಟಾಮ್ ರೈಲಿ ಮತ್ತು ಥಾಮಸ್ ಎಂಬ ಇಬ್ಬರು ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಬೆನ್ನುಹತ್ತಿದರು. ಅವರ ಕೈಯಲ್ಲಿದ್ದುದು ಸಾಧಾರಣ ಧ್ವನಿಮುದ್ರಕ. ಆಟಗಾರನ ಹೆಜ್ಜೆಯ ಉದ್ದವನ್ನು ಮೊದಲೇ ಅಳೆದುಕೊಂಡು, ಮೈದಾನದ ಗುರುತುಗಳನ್ನು ಆಧಾರವಾಗಿಟ್ಟುಕೊಂಡು, ಗ್ಯಾಲರಿಯಲ್ಲಿ ಕೂತವನು ‘ನಡೆದ, ಕುದುರಿದ, ಓಡಿದ, ಹಿಂದಕ್ಕೆ ಸರಿದ’ ಎಂದು ಸಂಕೇತಭಾಷೆಯಲ್ಲಿ ಹೇಳುತ್ತ ಹೋಗುವುದು. ಆಮೇಲೆ ಟೇಪನ್ನು ಕೇಳಿ ಒಟ್ಟು ಹಾಕುವುದು.

ಫಲಿತಾಂಶ ಅನೇಕರ ನಂಬಿಕೆಗಳನ್ನು ಬದಲಿಸಿತು. ಒಂದು ಪಂದ್ಯದಲ್ಲಿ ಆಟಗಾರ ಸರಾಸರಿ ಸುಮಾರು 8.7 ಕಿ.ಮೀ. ಕ್ರಮಿಸುತ್ತಿದ್ದ. ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವನು ಗೋಲು ಹೊಡೆಯುವ ಮುಂಚೂಣಿಯವನಲ್ಲ, ನಡುಮೈದಾನದ ಆಟಗಾರ, ಅವನದು 9.8 ಕಿ.ಮೀ. ಸಮೀಪ. ಅರ್ಧಕ್ಕಿಂತ ಹೆಚ್ಚು ದೂರವನ್ನು ನಡಿಗೆ ಮತ್ತು ನಿಧಾನ ಓಟದಲ್ಲೇ ಸಾಗುತ್ತಿದ್ದರು. ಚೆಂಡು ಕಾಲಲ್ಲಿದ್ದಾಗ ಕ್ರಮಿಸಿದ ದೂರವಂತೂ ಒಟ್ಟು ದೂರದ ಶೇಕಡ 2ರಷ್ಟೂ ಇರಲಿಲ್ಲ. ಅಂದರೆ ಪ್ರೇಕ್ಷಕರ ಕಣ್ಣು ಚೆಂಡಿನ ಮೇಲಿದ್ದಾಗ ಆಟದ ಬಹುಪಾಲು ದುಡಿಮೆ ಬೇರೆಲ್ಲೋ ನಡೆಯುತ್ತಿತ್ತು. ಇಂದಿನ ಆಟಗಾರರು ಪಂದ್ಯಕ್ಕೆ 10ರಿಂದ 13 ಕಿ.ಮೀ. ಸಾಗುತ್ತಾರೆ. ಆಟ ಬಿರುಸಾದದ್ದು ಈ ಅಂಕಿಗಳಲ್ಲೇ ತಿಳಿಯುತ್ತದೆ.

ಎದೆಪಟ್ಟಿಯಿಂದ ಉಪಗ್ರಹಕ್ಕೆ

ದೂರದ ಲೆಕ್ಕವೇನೋ ಸಿಕ್ಕಿತು. ಆದರೆ ಅಷ್ಟು ದೂರ ಓಡಿದಾಗ ದೇಹದೊಳಗೆ ಏನಾಯಿತು ಎಂಬುದು ಇನ್ನೂ ಗುಟ್ಟಾಗಿತ್ತು. ಅದನ್ನು ಬಿಡಿಸಿದ್ದು ಫಿನ್ಲೆಂಡಿನ ಪೋಲಾರ್ ಕಂಪನಿ. 1977ರಲ್ಲಿ ಆರಂಭವಾದ ಈ ಕಂಪನಿ 1982ರಲ್ಲಿ ತಂತಿಯಿಲ್ಲದ ಹೃದಯಬಡಿತ ಮಾಪಕವನ್ನು ಮಾರುಕಟ್ಟೆಗೆ ತಂದಿತು. ಎದೆಗೆ ಒಂದು ಪಟ್ಟಿ, ಕೈಗೆ ಒಂದು ಗಡಿಯಾರ. ಓಡುತ್ತಿರುವಾಗಲೇ ನಾಡಿಬಡಿತ ಕಾಣುತ್ತದೆ. ಆಸ್ಪತ್ರೆಯ ಇ.ಸಿ.ಜಿ. ಕೋಣೆಯಿಂದ ಹೃದಯದ ಲೆಕ್ಕ ಮೈದಾನಕ್ಕೆ ಇಳಿದದ್ದು ಹೀಗೆ.

1990ರ ದಶಕದ ಕೊನೆಯಲ್ಲಿ ಯೂರೋಪಿನ ಫುಟ್‌ಬಾಲ್ ಮೈದಾನಗಳ ಸುತ್ತ ಹಲವು ಕ್ಯಾಮೆರಾಗಳನ್ನು ಕೂರಿಸಿ, ಎಲ್ಲ ಆಟಗಾರರ ಚಲನೆಯನ್ನು ಒಟ್ಟಿಗೇ ಕಂಪ್ಯೂಟರಿಗೆ ತುಂಬಿಸುವ ವ್ಯವಸ್ಥೆ ಬಂತು. ಒಬ್ಬನಿಗೊಬ್ಬ ನೋಡುವವ ಬೇಕಾಗಿದ್ದ ಕಾಲ ಮುಗಿಯಿತು. ಅಷ್ಟರಲ್ಲಿ ಆಕಾಶದಿಂದ ಇನ್ನೊಂದು ನೆರವು ಸಿದ್ಧವಾಗುತ್ತಿತ್ತು. ಅಮೆರಿಕದ ಸೇನೆಗೆಂದು ಕಟ್ಟಿದ ಜಿ.ಪಿ.ಎಸ್. ಉಪಗ್ರಹ ಜಾಲ 1995ರಲ್ಲಿ ಪೂರ್ಣಗೊಂಡಿತು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ, ಸಂಕೇತ ಬರಲು ಹಿಡಿದ ಸಮಯದ ಲೆಕ್ಕದಿಂದ ಒಬ್ಬ ವ್ಯಕ್ತಿ ಎಲ್ಲಿದ್ದಾನೆಂದು ಹೇಳಬಹುದು. ಆದರೆ ನಾಗರಿಕರಿಗೆ ಸಿಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕುಗೊಳಿಸಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿದ ಮೇಲೆ ಉಪಗ್ರಹದ ಲೆಕ್ಕ ಆಟದ ಮೈದಾನಕ್ಕೂ ಪ್ರಯೋಜನಕ್ಕೆ ಬಂತು.

ಈ ಅವಕಾಶವನ್ನು ಬೇಗ ಬಳಸಿಕೊಂಡವರು ಆಸ್ಟ್ರೇಲಿಯದವರು. ಅಲ್ಲಿಯ ಕ್ಯಾಟಪಲ್ಟ್ ಕಂಪನಿ 2006ರಲ್ಲಿ ಸ್ಥಾಪನೆಯಾಯಿತು. ಬನಿಯನ್ ಜೇಬಿನ ಯಂತ್ರ ಸೆಕೆಂಡಿಗೆ ಹತ್ತು ಬಾರಿ ಆಟಗಾರನ ಸ್ಥಾನವನ್ನು ಗುರುತಿಸುತ್ತದೆ. ಅದರೊಳಗಿನ ಇನ್ನೊಂದು ಭಾಗ ದೇಹದ ಅಲುಗಾಟ, ತಿರುವು, ಧಕ್ಕೆಗಳನ್ನು ಸೆಕೆಂಡಿಗೆ ನೂರು ಬಾರಿ ಅಳೆಯುತ್ತದೆ. ಫುಟ್‌ಬಾಲ್‌ನ ನಿಯಮ ರೂಪಿಸುವವರು ಅಧಿಕೃತ ಪಂದ್ಯಗಳಲ್ಲಿ ಇದನ್ನು ಧರಿಸಲು 2015ರಲ್ಲಿ ಒಪ್ಪಿಗೆ ನೀಡಿದರು.

ಬೆಂಗಳೂರಿನ ಎರಡು ಅಂಗಳಗಳು

ಕರ್ನಾಟಕಕ್ಕೆ ಈ ವಿದ್ಯೆ ಮುಖ್ಯವಾಗಿ ಬಂದದ್ದು ಹಾಕಿಯ ದಾರಿಯಿಂದ. ಭಾರತದ ಹಾಕಿ ತಂಡಗಳ ಶಿಬಿರಗಳು ನಡೆಯುವುದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದಾಗ ಭಾರತ ಏಳನೆಯ ಸ್ಥಾನಕ್ಕೆ ಕುಸಿದಿತ್ತು. ಹುಲ್ಲಿನ ಮೇಲೆ ಚೆಂಡನ್ನು ಪಳಗಿಸುವ ಕೈಚಳಕ ಎಷ್ಟಿದ್ದರೂ ಕೃತಕ ಹಾಸಿನ ಆಟ ಬೇಡುವುದು ವೇಗವನ್ನು, ಮತ್ತೆ ಮತ್ತೆ ಓಡಿಯೂ ಕುಂದದ ಕಸುವನ್ನು. ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನ ನಮ್ಮಲ್ಲಿ ಗಂಭೀರವಾಗಿ ಆರಂಭವಾದದ್ದು, ಆಸ್ಟ್ರೇಲಿಯದ ಮೈಕೆಲ್ ನಾಬ್ಸ್ ತರಬೇತುದಾರರಾಗಿಯೂ ಡೇವಿಡ್ ಜಾನ್ ದೇಹಶ್ರಮದ ತಜ್ಞರಾಗಿಯೂ ಬಂದ 2011-12ರ ಹೊತ್ತಿಗೆ. ಆಟಗಾರರ ಬೆನ್ನಿಗೆ ಜಿ.ಪಿ.ಎಸ್. ಯಂತ್ರ ಬಂದದ್ದೂ ಆಗಲೇ.

ಆದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನ ಪಡೆಯಿತು. ಅಳೆದ ಮಾತ್ರಕ್ಕೆ ಗೆಲುವು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಲೆಕ್ಕ ಇಡುವ ಅಭ್ಯಾಸ ಮುಂದುವರಿಯಿತು. ಹಾಕಿಯಲ್ಲಿ ಎಷ್ಟು ಬಾರಿಯಾದರೂ ಆಟಗಾರರನ್ನು ಬದಲಿಸಬಹುದು. ಯಾರನ್ನು ಯಾವಾಗ ಹೊರಗೆ ಕರೆಯಬೇಕೆಂಬ ತೀರ್ಮಾನಕ್ಕೆ ಈ ಅಂಕಿಗಳು ಬಹಳ ನೆರವಾಗುತ್ತವೆ. ದಣಿದವನು ತಾನು ದಣಿದಿದ್ದೇನೆಂದು ಒಪ್ಪಿಕೊಳ್ಳುವ ಮೊದಲೇ ಅವನ ಓಟದ ವೇಗ ಅದನ್ನು ಹೇಳಿಬಿಡುತ್ತದೆ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಪುರುಷರ ತಂಡ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಬಳಿಕ ಪದಕ ಗೆದ್ದಿತು. ಮಹಿಳೆಯರ ತಂಡ ನಾಲ್ಕನೆಯದಾಯಿತು. ಪದಕಕ್ಕೆ ಯಂತ್ರವೇ ಕಾರಣ ಎನ್ನಲಾಗದು. ಆದರೆ ಕೊನೆಯ ನಿಮಿಷದವರೆಗೆ ಓಡಬಲ್ಲ ದೇಹಗಳನ್ನು ಕಟ್ಟುವಲ್ಲಿ ಆ ಲೆಕ್ಕದ ಪಾಲು ಇತ್ತು.

ಬೆಂಗಳೂರಿನ ಇನ್ನೊಂದು ಅಂಗಳ ಆಗಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ. 2017ರಲ್ಲಿ ಭಾರತ ಕ್ರಿಕೆಟ್ ತಂಡಕ್ಕೆ ‘ಯೋ-ಯೋ’ ಪರೀಕ್ಷೆ ಕಡ್ಡಾಯವಾಯಿತು. ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೊ ರೂಪಿಸಿದ ಪರೀಕ್ಷೆ ಇದು. 20 ಮೀಟರ್ ಹೋಗಿ ಬರುವುದು, ಹತ್ತು ಸೆಕೆಂಡ್ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು. ಪ್ರತಿ ಹಂತಕ್ಕೂ ವೇಗ ಏರುತ್ತದೆ. ತೇರ್ಗಡೆಗೆ ಆಗ ನಿಗದಿಯಾದ ಮಟ್ಟ 16.1. ಮರುವರ್ಷ ಐ.ಪಿ.ಎಲ್.ನಲ್ಲಿ 602 ರನ್ ಗಳಿಸಿ ಇಂಗ್ಲೆಂಡ್ ಪ್ರವಾಸದ ಏಕದಿನ ತಂಡಕ್ಕೆ ಆಯ್ಕೆಯಾಗಿದ್ದ ಅಂಬಟಿ ರಾಯುಡು ಈ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಜಾಗ ಕಳೆದುಕೊಂಡರು. ಬಳಿಕ ತೇರ್ಗಡೆಯಾಗಿ ಅದೇ ವರ್ಷದ ಏಷ್ಯಾ ಕಪ್‌ಗೆ ಮರಳಿದರು. ಬ್ಯಾಟ್ ಗಳಿಸಿದ 602 ದೊಡ್ಡದೋ, ಕಾಲು ಗಳಿಸಬೇಕಾದ 16.1 ದೊಡ್ಡದೋ ಎಂಬ ಚರ್ಚೆ ದೇಶದಲ್ಲೆಲ್ಲ ನಡೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯೋ-ಯೋ ಎಂಬುದು ಪರೀಕ್ಷೆ. ಪಂದ್ಯದ ಶ್ರಮದ ದಾಖಲೆ ಎಂಬುದು ದಿನಚರಿ. ಪರೀಕ್ಷೆ ಕೇಳುವುದು ‘ನಿನ್ನಿಂದ ಆಗುತ್ತದೆಯೆ?’ ಎಂದು. ದಿನಚರಿ ತಿಳಿಸುವುದು ‘ನಿನಗೆ ಏನಾಯಿತು?’ ಎಂಬುದನ್ನು. ದಿನಚರಿಯನ್ನೇ ಪರೀಕ್ಷೆಯಂತೆ ಬಳಸಿದರೆ ಆಟಗಾರನಿಗೆ ಅದರ ಬಗ್ಗೆ ಭಯ ಹುಟ್ಟುತ್ತದೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರರ ಸಂಘ ಇದನ್ನು ಮೊದಲೇ ಗ್ರಹಿಸಿತು. ಮೈಗೆ ಕಟ್ಟುವ ಯಂತ್ರದ ಅಂಕಿಗಳನ್ನು ಆಟಗಾರನ ಸಂಬಳದ ಚೌಕಾಶಿಯಲ್ಲಿ ಬಳಸಕೂಡದೆಂಬ ಕರಾರನ್ನು 2017ರ ಒಪ್ಪಂದದಲ್ಲಿ ಸೇರಿಸಲಾಯಿತು. 1931ರಲ್ಲಿ ಚಕ್ರ ಉರುಳಿದ ಆಟದಲ್ಲೇ ಆ ಲೆಕ್ಕ ಯಾರ ಪರ ಎಂಬ ಪ್ರಶ್ನೆಗೂ ಒಂದು ಉತ್ತರ ಸಿಕ್ಕಂತಾಯಿತು.

ಕಬಡ್ಡಿಗೆ ಕಾಣದ ಉಪಗ್ರಹ

ಈಗ ಮತ್ತೆ ಕಬಡ್ಡಿ ಅಂಗಳಕ್ಕೆ ಬರೋಣ. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ರೈಡರ್ ಓಡಾಡುವುದು ಅದರ ಅರ್ಧದಲ್ಲಿ. ಇಷ್ಟು ಚಿಕ್ಕ ಜಾಗದಲ್ಲಿ ಒಂದೆರಡು ಮೀಟರಿನ ತಪ್ಪೂ ಲೆಕ್ಕವನ್ನೆಲ್ಲ ಕೆಡಿಸಿಬಿಡುತ್ತದೆ. ದೊಡ್ಡ ಲೀಗ್ ಪಂದ್ಯಗಳು ನಡೆಯುವುದು ಒಳಾಂಗಣದಲ್ಲಿ. ಚಾವಣಿಯ ಕೆಳಗೆ ಉಪಗ್ರಹದ ಸಂಕೇತವೇ ಸರಿಯಾಗಿ ಬಾರದು.

ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ನಾಲ್ಕು ಜನ ಸೇರಿ ಒಬ್ಬನ ಕಾಲು, ಸೊಂಟ ಹಿಡಿದಿದ್ದಾರೆ. ಅವನು ನಡುಗೆರೆಯತ್ತ ಕೈಚಾಚಿ ಸರ್ವಶಕ್ತಿಯಿಂದ ಎಳೆಯುತ್ತಿದ್ದಾನೆ. ಆ ಐದಾರು ಸೆಕೆಂಡಿನಲ್ಲಿ ಅವನು ಸಾಗಿದ ದೂರ ಒಂದು ಗೇಣು. ದೂರವನ್ನೇ ಶ್ರಮವೆಂದು ತಿಳಿದ ಯಂತ್ರದ ಪ್ರಕಾರ ಅವನು ವಿಶ್ರಾಂತಿಯಲ್ಲಿದ್ದಾನೆ! ಫುಟ್‌ಬಾಲ್, ಹಾಕಿಗಳ ವಿಸ್ತಾರವಾದ ಬಯಲಿಗೆಂದು ಹುಟ್ಟಿದ ಅಳತೆಗೋಲು ನಮ್ಮ ಆಟದ ಜೀವಾಳವನ್ನು ಹಿಡಿಯಲಾರದು. ಕಬಡ್ಡಿಯ ಶ್ರಮವನ್ನು ತಿಳಿಯಬೇಕಾದರೆ ನಾಡಿಯನ್ನು ನೋಡಬೇಕು, ಮೈಮೇಲೆ ಬಿದ್ದ ಧಕ್ಕೆಗಳನ್ನು ಎಣಿಸಬೇಕು, ದಾಳಿ ಮತ್ತು ಹಿಡಿತಗಳ ನಡುವೆ ಎಷ್ಟು ಬಿಡುವು ಸಿಕ್ಕಿತೆಂದು ಬರೆಯಬೇಕು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಅಂತರರಾಷ್ಟ್ರೀಯ ಮನ್ನಣೆ ಪಡೆದು, 2014ರಿಂದ ಪ್ರೊ ಕಬಡ್ಡಿ ಲೀಗ್ ಮೂಲಕ ಮನೆಮನೆ ತಲುಪಿದ ಆಟಕ್ಕೆ ಅದರದೇ ಅಳತೆಗೋಲು ಬೇಕಲ್ಲವೆ?

ಒಣ ಬಿಸಿಲಿನ ಮೋಸ

ಕಲಬುರಗಿಯ ಆಟಗಾರನಿಗೆ ಎದುರಾಳಿಯಲ್ಲದೆ ಇನ್ನೊಬ್ಬ ಎದುರಾಳಿಯೂ ಇದ್ದಾನೆ. ಅವನೇ ಸೂರ್ಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚು ಪಾಲು ಚಲನೆಯಾಗದೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಮಂಗಳೂರಿನ ಹವೆಯಲ್ಲಿ ಬೆವರು ಆರುವುದಿಲ್ಲ, ಅಂಗಿ ಒದ್ದೆಯಾಗಿ ಮೈಗಂಟುತ್ತದೆ, ಆಟಗಾರನಿಗೆ ತಾನು ಬೆವರುತ್ತಿರುವುದು ತಿಳಿಯುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಹುಟ್ಟಿದಷ್ಟೇ ಬೇಗ ಆರಿಹೋಗುತ್ತದೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದಾಗಷ್ಟೆ ಎಷ್ಟು ನೀರು ಹೋಯಿತೆಂಬ ಸುಳಿವು ಸಿಗುವುದು.

ಬಿಸಿಲು ಆಟಗಾರನನ್ನು ಏನು ಮಾಡೀತೆಂಬುದಕ್ಕೆ ಕ್ರಿಕೆಟ್ ಪ್ರಿಯರು ಮರೆಯದ ಒಂದು ಉದಾಹರಣೆಯಿದೆ. 1986ರ ಸೆಪ್ಟೆಂಬರಿನಲ್ಲಿ ಮದರಾಸಿನ ಚೆಪಾಕ್‌ನಲ್ಲಿ, ಟೈ ಆಗಿ ಮುಗಿದ ಟೆಸ್ಟ್‌ನಲ್ಲಿ, ಆಸ್ಟ್ರೇಲಿಯದ ಡೀನ್ ಜೋನ್ಸ್ 210 ರನ್ ಗಳಿಸಿದರು. ಆಟದ ನಡುವೆ ವಾಂತಿ ಮಾಡಿಕೊಂಡರು. ಇನಿಂಗ್ಸ್ ಮುಗಿದ ಮೇಲೆ ಆಸ್ಪತ್ರೆಗೆ ಸೇರಿಸಿ ಸಲೈನ್ ಏರಿಸಬೇಕಾಯಿತು. ದಶಕಗಳ ಕಾಲ ಅದನ್ನು ಸಾಹಸವೆಂದೇ ಹೊಗಳಲಾಯಿತು. ಇಂದಿನ ತಿಳಿವಳಿಕೆಯಿಂದ ನೋಡಿದರೆ ಅದು ಸಾಹಸವೂ ಹೌದು, ಜೀವಕ್ಕೆ ಬರಬಹುದಾಗಿದ್ದ ಗಂಡಾಂತರವೂ ಹೌದು. ಸ್ಕೋರ್‌ಬುಕ್ಕಿನಲ್ಲಿ ಉಳಿದಿರುವುದು 210 ಮಾತ್ರ.

ಬಿಸಿಲನ್ನು ಅಳೆಯುವ ವಿಧಾನವೂ ಇದೆ. 1950ರ ದಶಕದಲ್ಲಿ ಅಮೆರಿಕದ ನೌಕಾಪದಾತಿ ದಳದ ತರಬೇತಿ ಶಿಬಿರದಲ್ಲಿ ಹೊಸ ಸೈನಿಕರು ಬಿಸಿಲಿಗೆ ಕುಸಿದು ಬೀಳುವುದನ್ನು ತಡೆಯಲು ಒಂದು ಸೂಚ್ಯಂಕ ರೂಪಿಸಿದರು. ಗಾಳಿಯ ಉಷ್ಣಾಂಶ, ತೇವ, ಬಿಸಿಲಿನ ಝಳ ಈ ಮೂರನ್ನೂ ಅದು ಕೂಡಿಸಿ ನೋಡುತ್ತದೆ. 2014ರ ಬ್ರೆಜಿಲ್ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಈ ಸೂಚ್ಯಂಕ 32 ಮೀರಿದರೆ ಪಂದ್ಯದ ನಡುವೆ ನೀರಿಗೆ ವಿರಾಮ ನೀಡಲು ಅವಕಾಶವಿತ್ತು.

ನಮ್ಮಲ್ಲೂ ಬಿಸಿಲಿನ ಅರಿವು ಇಲ್ಲದಿಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ಹಲವು ವರ್ಷಗಳ ರೂಢಿ. ಹಳ್ಳಿಯ ತರುಣರು ಯಾವ ಸೂಚ್ಯಂಕವನ್ನೂ ಓದದೆ ‘ಹೊನಲು ಬೆಳಕಿನ ಕಬಡ್ಡಿ’ಯನ್ನು ರೂಢಿಗೆ ತಂದರು. ಬಿಸಿಲಾರಿದ ಮೇಲೆ ಆಡುವುದು, ನೋಡುವವರಿಗೂ ಹೊಲದ ಕೆಲಸ ಮುಗಿದ ಹೊತ್ತು. ಕಚೇರಿಯ ಕುರ್ಚಿಯಲ್ಲಿ ಕೂತವನಿಗೆ ಸಲ್ಲುವ ರಿಯಾಯಿತಿ ಹಗಲು ಪಂದ್ಯಾವಳಿಯಲ್ಲಿ ಆಡುವ ಶಾಲಾ ಹುಡುಗನಿಗೂ ಸಲ್ಲಬೇಕೆಂಬುದಷ್ಟೆ ಉಳಿದಿರುವ ಮಾತು.

ಹಾಳೆ, ಪೆನ್ಸಿಲ್, ತೂಕದ ಯಂತ್ರ

ಹಾಗಾದರೆ ಲಕ್ಷಾಂತರ ರೂಪಾಯಿಯ ಯಂತ್ರಗಳಿಲ್ಲದ ಕಮಲಾಪುರದ ತಂಡ ಏನು ಮಾಡಬೇಕು? ಈ ಇತಿಹಾಸದಲ್ಲೇ ಉತ್ತರವಿದೆ. ಮೊದಲನೆಯದು ನಾಡಿ. ಪಂದ್ಯ ಮುಗಿದ ಕೂಡಲೆ ಮಣಿಕಟ್ಟಿನ ಮೇಲೆ ಬೆರಳಿಟ್ಟು 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಿದರೆ ಹೃದಯ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಮೊದಲ ಪಂದ್ಯದ ಬಳಿಕ ಬೇಗ ಇಳಿದ ಬಡಿತ ಮೂರನೆಯ ಪಂದ್ಯದ ಬಳಿಕ ಇಳಿಯದೇ ನಿಂತರೆ ಅದು ಎಚ್ಚರಿಕೆ.

ಎರಡನೆಯದು ತೂಕ. ಆಟಕ್ಕೆ ಮುಂಚೆ 50 ಕಿಲೊ ಇದ್ದ ಹುಡುಗ ಆಟದ ಬಳಿಕ 49 ಕಿಲೊ ಇದ್ದರೆ, ನಡುವೆ ಏನೂ ಕುಡಿಯದಿದ್ದರೆ, ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ದೇಹದ ತೂಕದ ಶೇಕಡ 2ರಷ್ಟು ನೀರು ಹೋದರೆ ಆಟದ ಕಸುವು ಕುಗ್ಗತೊಡಗುತ್ತದೆ ಎಂಬುದು ಶರೀರಶಾಸ್ತ್ರದ ಸಾಮಾನ್ಯ ಲೆಕ್ಕ. ನೀರು, ಚಿಟಿಕೆ ಉಪ್ಪು ಬೆರೆಸಿದ ಮಜ್ಜಿಗೆ, ಜೊತೆಗೆ ಹಿಟ್ಟಿನಾಂಶ, ಸಕ್ಕರೆ ಮತ್ತು ಪೊಟ್ಯಾಷಿಯಂ ಒದಗಿಸುವ ಬಾಳೆಹಣ್ಣು ಇವು ದುಬಾರಿ ಪಾನೀಯಗಳಿಗೆ ಸಾಟಿ. ಬಾಳೆಯ ವಿಷಯದಲ್ಲಿ ಕಮಲಾಪುರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಳೆ.

ಮೂರನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಷ್ಟ. ಅದು ಕೇಳುವುದು. ಶ್ರಮದ ಅನುಭವಕ್ಕೂ ಅಂಕ ಕೊಡಬಹುದೆಂದು ಸ್ವೀಡನ್ನಿನ ಗುನ್ನಾರ್ ಬೋರ್ಗ್ ತೋರಿಸಿದರು. ಅಮೆರಿಕದ ಕಾರ್ಲ್ ಫಾಸ್ಟರ್ 2001ರಲ್ಲಿ ಅದನ್ನು ತರಬೇತಿಯ ಲೆಕ್ಕಕ್ಕೆ ಹೊಂದಿಸಿದರು. ಆಟ ಮುಗಿದು ಅರ್ಧ ಗಂಟೆಯ ಬಳಿಕ ‘ಹತ್ತರಲ್ಲಿ ಎಷ್ಟು ದಣಿವು?’ ಎಂದು ಕೇಳಿ, ಉತ್ತರವನ್ನು ಆಡಿದ ನಿಮಿಷಗಳಿಂದ ಗುಣಿಸಿದರೆ ಆಯಿತು. ಯಂತ್ರಗಳಿರುವ ತಂಡಗಳೂ ಇಂದು ಈ ವಿಧಾನವನ್ನು ಬಿಟ್ಟಿಲ್ಲ.

ಆರಂಭದಲ್ಲಿ ಕಂಡ ಒಂದು ದಿನದ ಪಂದ್ಯಾವಳಿಗೆ ಇದನ್ನು ಹೊಂದಿಸಿ ನೋಡಬಹುದು. ಪಂದ್ಯದ ಅವಧಿಯನ್ನು 20 ನಿಮಿಷಕ್ಕೆ ಇಳಿಸಿದ್ದಾರೆನ್ನೋಣ. ನಾಲ್ಕು ಪಂದ್ಯಗಳಿಗೆ ಹುಡುಗ ಕ್ರಮವಾಗಿ 6, 7, 8, 9 ಎಂದು ಉತ್ತರಿಸಿದರೆ ಲೆಕ್ಕ 120, 140, 160, 180, ಒಟ್ಟು 600. ಪ್ರತಿ ಪಂದ್ಯದ ನಿಮಿಷ ಒಂದೇ, ಆದರೆ ಮೈ ತೆತ್ತ ಬೆಲೆ ಏರುತ್ತಲೇ ಹೋಗಿದೆ. 40 ನಿಮಿಷದ ಪೂರ್ಣ ಪಂದ್ಯವೊಂದಕ್ಕೆ 8 ಎಂದು ಉತ್ತರಿಸಿದ ಆಟಗಾರನ ಲೆಕ್ಕ 320 ಮಾತ್ರ. ಅವನಿಗೆ ಮರುದಿನ ಬಿಡುವಿದ್ದೀತು. ಕಮಲಾಪುರದ ಹುಡುಗ ರಾತ್ರಿ ಬಸ್ಸಿನಲ್ಲಿ ನಿಂತೇ ಊರು ಸೇರಿ, ಬೆಳಿಗ್ಗೆ ಮನೆಯ ಕೆಲಸಕ್ಕೋ ಶಾಲೆಗೋ ಹೋಗಬೇಕು. ಈ ಅಂಕಿ ಸಂಘಟಕರ ಮುಂದಿದ್ದರೆ ಪಂದ್ಯಾವಳಿಯನ್ನು ಎರಡು ದಿನಕ್ಕೆ ಹಂಚುವ, ಮಧ್ಯಾಹ್ನದ ಪಂದ್ಯವನ್ನು ಸಂಜೆಗೆ ತಳ್ಳುವ ಯೋಚನೆಗೆ ಆಧಾರ ಸಿಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದಂಥ ಕಡೆ ದೈಹಿಕ ಶಿಕ್ಷಣ ಕಲಿಯುವವರಿಗೆ ಇಂಥ ದಾಖಲೆ ಸಂಗ್ರಹಿಸುವುದು ಕಷ್ಟದ ಕೆಲಸವೇನಲ್ಲ.

ಆದರೆ ಕೇಳುವುದು ಕಷ್ಟ ಎಂದದ್ದಕ್ಕೆ ಕಾರಣವಿದೆ. ಹತ್ತಕ್ಕೆ ಒಂಬತ್ತು ಎಂದರೆ ಮಾಸ್ತರು ಮುಂದಿನ ಪಂದ್ಯಕ್ಕೆ ತನ್ನನ್ನು ಕೈಬಿಟ್ಟಾರು ಎಂಬ ಅನುಮಾನ ಹುಡುಗನಿಗೆ ಬಂದರೆ ಅವನು ಐದು ಎನ್ನುತ್ತಾನೆ. ಆಗ ಚಕ್ರದಿಂದ ಉಪಗ್ರಹದವರೆಗಿನ ಅಷ್ಟೂ ವಿದ್ಯೆ ವ್ಯರ್ಥ. ಲೆಕ್ಕ ತನ್ನನ್ನು ಹೊರಗಿಡಲು ಅಲ್ಲ, ತನ್ನನ್ನು ಉಳಿಸಲು ಎಂಬ ನಂಬಿಕೆ ಆಟಗಾರನಿಗೆ ಇರಬೇಕು. ಹಿಂದೆ ಅಂಪೈರ್ ಕಿವಿಗೊಟ್ಟು ಉಸಿರು ಕೇಳುತ್ತಿದ್ದಂತೆ, ಇಂದು ಅಂಕಪಟ್ಟಿಯ ಅಂಚಿನಲ್ಲಿ ‘ದಣಿವು’ ಎಂಬ ಒಂದು ಕಾಲಂ ಗೆರೆ ಎಳೆದು, ಮಾಸ್ತರು ಹುಡುಗನ ಪಕ್ಕ ಕೂತು ಕೇಳಿದರೆ ಸಾಕು: ‘ಎಷ್ಟ್ ದಣದೀ ತಮ್ಮಾ? ಹತ್ತರಾಗ ಎಷ್ಟು? ಖರೇ ಹೇಳು, ನಾಳೆನೂ ನೀನ ಆಡಾಂವ.’